ಹಿಮ್ಮುಖ ಲೀಡ್‌ಪೈಪ್ ಟ್ರಂಪೆಟ್ ಮತ್ತು ಕಲಬುರಗಿಯ ಬೇಸಿಗೆ: ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಟ್ರಂಪೆಟ್‌ನ ಲೀಡ್‌ಪೈಪ್ ಎಂದರೆ ಮೌತ್‌ಪೀಸ್ ಕೂರುವ ಜಾಗದಿಂದ ಮುಖ್ಯ ಟ್ಯೂನಿಂಗ್ ಸ್ಲೈಡಿನವರೆಗೆ ಹೋಗುವ, ಒಳವ್ಯಾಸ ಕ್ರಮೇಣ ಹಿಗ್ಗುವ ಕೊಳವೆ. ಈ ಕೊಳವೆ ಸ್ಲೈಡಿಗೆ ಸೇರುವ ರೀತಿಯಲ್ಲಿ ಎರಡು ರಚನೆಗಳಿವೆ: ಸಾಮಾನ್ಯ ರಚನೆ ಮತ್ತು ಹಿಮ್ಮುಖ ರಚನೆ. ಎರಡನೆಯದು ಹೆಚ್ಚು ಬಿಚ್ಚಿಕೊಂಡು ನುಡಿಯುತ್ತದೆ ಎಂಬ ಅಭಿಪ್ರಾಯ ಊದುವವರಲ್ಲಿ ವ್ಯಾಪಕವಾಗಿದೆ. ಈ ಅಭಿಪ್ರಾಯಕ್ಕೆ ಭೌತಿಕ ಆಧಾರ ಎಷ್ಟರ ಮಟ್ಟಿಗೆ ಇದ್ದೀತು, ಮತ್ತು ಕಲಬುರಗಿ–ಕಮಲಾಪುರ ಭಾಗದ ಬೇಸಿಗೆಯಲ್ಲಿ ಆ ವ್ಯತ್ಯಾಸ ಹಿಗ್ಗುತ್ತದೆಯೇ ಕುಗ್ಗುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಕೆಳಗಿನ ಸೆಂಟ್ ಮತ್ತು ಸೆಂಟಿಮೀಟರ್ ಅಂಕಿಗಳು ಲೆಕ್ಕದಿಂದ ಬಂದವು, ಮಾಪನದಿಂದಲ್ಲ. ಅವನ್ನು ಪ್ರಮಾಣದ ಅಂದಾಜು ಎಂದಷ್ಟೇ ತೆಗೆದುಕೊಳ್ಳಬೇಕು. ಒಂದು ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್. ಲೆಕ್ಕಕ್ಕೆ ಆಧಾರವಾಗಿ ಬಿ ಫ್ಲಾಟ್ ಟ್ರಂಪೆಟ್‌ನ ಒಟ್ಟು ಉದ್ದವನ್ನು ಮೌತ್‌ಪೀಸ್ ಸೇರಿ 148 ಸೆಂ.ಮೀ. ಎಂದು ಹಿಡಿದಿದೆ. ಧ್ವನಿಶಾಸ್ತ್ರದ ದೃಷ್ಟಿಯಲ್ಲಿ ಪರಿಣಾಮಕಾರಿ ಉದ್ದ ಇದಕ್ಕಿಂತ ತುಸು ಬೇರೆ ಇರುತ್ತದೆ. ಪ್ರಸ್ತುತ ಉದ್ದೇಶಕ್ಕೆ ಆ ವ್ಯತ್ಯಾಸ ದೊಡ್ಡದಲ್ಲ.

2. ಎರಡು ರಚನೆಗಳು

ಸಾಮಾನ್ಯ ರಚನೆಯಲ್ಲಿ ಲೀಡ್‌ಪೈಪಿನ ತುದಿಗೆ ಒಂದು ಹೊರಕೊಳವೆಯನ್ನು ಬೆಸೆದಿರುತ್ತಾರೆ. ಟ್ಯೂನಿಂಗ್ ಸ್ಲೈಡಿನ ಮೇಲಿನ ಕಾಲು ಆ ಹೊರಕೊಳವೆಯ ಒಳಗೆ ಜಾರುತ್ತದೆ. ಸ್ಲೈಡನ್ನು ಪೂರ್ತಿ ಒಳಗೆ ತಳ್ಳಿದಾಗ ಸ್ಲೈಡಿನ ಕಾಲು ಲೀಡ್‌ಪೈಪಿನ ತುದಿಗೆ ಬಹುತೇಕ ತಾಗುತ್ತದೆ. ಹೊರಗೆ ಎಳೆದಾಗ ಇವೆರಡರ ನಡುವೆ ಒಂದು ಅಂತರ ಬೀಳುತ್ತದೆ. ಆ ಅಂತರದಲ್ಲಿ ಗಾಳಿಗೆ ಸಿಗುವುದು ಹೊರಕೊಳವೆಯ ಒಳವ್ಯಾಸ.

ಹಿಮ್ಮುಖ ರಚನೆಯಲ್ಲಿ ಲೀಡ್‌ಪೈಪೇ ಮುಂದುವರಿದು ಒಳಕೊಳವೆಯಾಗುತ್ತದೆ. ಸ್ಲೈಡಿನ ಮೇಲಿನ ಕಾಲು ಹೊರಕೊಳವೆಯಾಗಿ ಅದರ ಮೇಲೆ ಜಾರುತ್ತದೆ. ಲೀಡ್‌ಪೈಪಿನ ಒಳಮೈ ಹೀಗೆ 5–6 ಸೆಂ.ಮೀ. ಹೆಚ್ಚು ದೂರ ಅಡೆತಡೆಯಿಲ್ಲದೆ ಸಾಗುತ್ತದೆ (ಈ ಅಳತೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ). ಸ್ಲೈಡಿನ ಕೆಳಗಿನ ಕಾಲು, ಅಂದರೆ ಮೂರನೇ ವಾಲ್ವಿನ ಕಡೆಗೆ ಹೋಗುವುದು, ಸಾಮಾನ್ಯವಾಗಿ ಎರಡೂ ರಚನೆಗಳಲ್ಲಿ ಒಂದೇ ರೀತಿ ಒಳಗೇ ಜಾರುತ್ತದೆ. ಅಲ್ಲಿನ ಅಂತರ ಎರಡರಲ್ಲೂ ಉಳಿಯುತ್ತದೆ.

ಹಿಮ್ಮುಖ ರಚನೆಯಲ್ಲಿ ಅಂತರವೇ ಇಲ್ಲ ಎಂದು ಹೇಳುವುದುಂಟು. ಸ್ಲೈಡು ಪೂರ್ತಿ ಒಳಗಿದ್ದಾಗ ಮಾತ್ರ ಇದು ಸರಿ, ಮತ್ತು ಆ ಸ್ಥಿತಿಯಲ್ಲಿ ಸಾಮಾನ್ಯ ರಚನೆಗೂ ಇದು ಹೆಚ್ಚುಕಡಿಮೆ ಸರಿಯೇ. ಸ್ಲೈಡನ್ನು ಎಳೆದ ಕೂಡಲೇ ಹಿಮ್ಮುಖ ರಚನೆಯಲ್ಲೂ ಲೀಡ್‌ಪೈಪಿನ ತುದಿ ಮತ್ತು ಸ್ಲೈಡಿನ ಬಾಗು, ಇವುಗಳ ನಡುವೆ ಅಷ್ಟೇ ಉದ್ದದ ಅಂತರ ತೆರೆದುಕೊಳ್ಳುತ್ತದೆ. ಅಂತರ ಅಳಿದಿಲ್ಲ, ಸ್ಥಳ ಬದಲಿಸಿದೆ. ಮುಂದಿನ ವಾದವೆಲ್ಲ ನಿಂತಿರುವುದು ಇದರ ಮೇಲೆ.

ಇನ್ನೊಂದು ಭೇದವನ್ನೂ ಇಲ್ಲೇ ಗುರುತಿಸಬೇಕು. ಹಿಮ್ಮುಖ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬಗೆಗಳು ಬರಬಹುದು. (ಅ) ಒಳವ್ಯಾಸ ಹಿಗ್ಗುವ ಭಾಗ ಮೊದಲಿನಷ್ಟೇ ಉದ್ದವಿದ್ದು, ಮುಂದಿನ ತುಂಡು ಸಮವ್ಯಾಸದ್ದಾಗಿರುವುದು. (ಆ) ಹಿಗ್ಗುವ ಭಾಗವನ್ನೇ ಹೊಸ ತುದಿಯವರೆಗೆ ಎಳೆದಿರುವುದು. ಮೊದಲನೆಯದರಲ್ಲಿ ಬದಲಾದದ್ದು ಅಂತರದ ಸ್ಥಳ. ಎರಡನೆಯದರಲ್ಲಿ ಕೊಳವೆಯ ಆಕಾರವೇ ಬದಲಾಗಿದೆ, ಹಾಗಾಗಿ ಅನುರಣನೆಗಳ ಪರಸ್ಪರ ಸ್ಥಾನವೂ ಬೇರೆಯಾಗುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸಿ ನಡೆಸಿದ ಹೋಲಿಕೆಗಳಿಂದ ರಚನೆಯ ಬಗ್ಗೆ ಏನನ್ನೂ ತೀರ್ಮಾನಿಸಲಾಗದು. ಊದುವವರ ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುವುದಕ್ಕೆ ಇದು ಒಂದು ಕಾರಣವಿರಬಹುದು.

3. ತಯಾರಕರ ಸಂಕೇತಗಳು ಮತ್ತು ಇಸವಿಗಳು

ದೊಡ್ಡ ತಯಾರಕರ ಪಟ್ಟಿಗಳಲ್ಲಿ ಹಿಮ್ಮುಖ ರಚನೆ ಮುಖ್ಯ ಮಾದರಿಯ ಪಕ್ಕದ ಒಂದು ಆಯ್ಕೆಯಾಗಿ ಬರುತ್ತದೆ. ವಿನ್ಸೆಂಟ್ ಬಾಕ್ (1890–1976) ವಿಯೆನ್ನಾ ಬಳಿ ಹುಟ್ಟಿ ನ್ಯೂಯಾರ್ಕಿಗೆ ಹೋದವರು. 1918ರಲ್ಲಿ ಮೌತ್‌ಪೀಸ್ ತಯಾರಿಕೆ ಆರಂಭಿಸಿದರು. ಅವರ ಮೊದಲ ಟ್ರಂಪೆಟ್‌ಗಳಿಗೆ ಕೆಲವೆಡೆ 1924, ಕೆಲವೆಡೆ 1925 ಎಂಬ ಇಸವಿ ಸಿಗುತ್ತದೆ. 1961ರಲ್ಲಿ ಸಂಸ್ಥೆ ಸೆಲ್ಮರ್ ಕಂಪನಿಗೆ ಮಾರಾಟವಾಗಿ, ತಯಾರಿಕೆ 1960ರ ದಶಕದ ಮಧ್ಯಭಾಗದಲ್ಲಿ ಎಲ್ಕ್‌ಹಾರ್ಟ್‌ಗೆ ಸ್ಥಳಾಂತರವಾಯಿತು. ಅದರ 180 ಸರಣಿಯ ಮುಖ್ಯ ಒಳವ್ಯಾಸ 0.459 ಅಂಗುಲ, ಅಂದರೆ 11.66 ಮಿ.ಮೀ. ಈ ಸರಣಿಯಲ್ಲಿ ಅಂಕಿಗೆ ಮೊದಲು ‘ಎಲ್‌ಆರ್’ ಎಂದಿದ್ದರೆ ಹಗುರ ಮೈ ಮತ್ತು ಹಿಮ್ಮುಖ ಲೀಡ್‌ಪೈಪ್ ಎಂದರ್ಥ. ಯಮಹಾದ 8335 ಮಾದರಿಯಲ್ಲಿ ಅಂಕಿಯ ನಂತರ ಬರುವ ‘ಆರ್’ ಇದೇ ರಚನೆಯನ್ನು ಸೂಚಿಸುತ್ತದೆ.

ಬಾಕ್ ವಾದ್ಯದ ಎರಡನೇ ವಾಲ್ವಿನ ಕವಚದ ಮೇಲೆ ‘ಎಂಎಲ್’ ಅಥವಾ ‘ಎಲ್’ ಎಂದು ಕೊರೆದಿರುತ್ತದೆ. ಅಲ್ಲಿ ‘ಎಲ್’ ದೊಡ್ಡ ಒಳವ್ಯಾಸದ ಗುರುತು. ಹಗುರ ಮೈಗೂ ಲೀಡ್‌ಪೈಪಿಗೂ ಅದು ಸಂಬಂಧಿಸಿಲ್ಲ. ಹಳೆಯ ವಾದ್ಯ ಕೊಳ್ಳುವವರು ಪಟ್ಟಿಯ ‘ಎಲ್’ ಅನ್ನೂ ಕವಚದ ‘ಎಲ್’ ಅನ್ನೂ ಒಂದೇ ಎಂದು ಓದಿದರೆ ಗುರುತು ತಪ್ಪುತ್ತದೆ. ಗುರುತಿಸುವ ಖಚಿತ ವಿಧಾನ ಒಂದೇ: ಸ್ಲೈಡನ್ನು ಪೂರ್ತಿ ತೆಗೆದು ನೋಡುವುದು. ಸ್ಲೈಡಿನ ಎರಡೂ ಕಾಲು ಒಂದೇ ಗಾತ್ರದ್ದಾಗಿದ್ದರೆ ಸಾಮಾನ್ಯ ರಚನೆ. ಮೇಲಿನ ಕಾಲು ಕೆಳಗಿನದಕ್ಕಿಂತ ದಪ್ಪವಿದ್ದು, ವಾದ್ಯದ ಕಡೆ ಲೀಡ್‌ಪೈಪಿನ ಬರಿಯ ತುದಿ ಕಂಡರೆ ಹಿಮ್ಮುಖ.

ಭಾರತದ ಮದುವೆ ಬ್ಯಾಂಡ್‌ಗಳ ವಾದ್ಯಗಳಿಗೆ ಮುಖ್ಯ ಮೂಲ ಮೀರತ್‌ನ ಜಾಲಿ ಕೋಠಿ ಪ್ರದೇಶ. ಅಲ್ಲಿನ ನಾದಿರ್ ಅಲಿ ಅಂಡ್ ಕಂಪನಿಗೆ 1885 ಮತ್ತು 1911 ಎಂಬ ಎರಡು ಇಸವಿಗಳು ಅಂಟಿಕೊಂಡಿವೆ. ಇವು ಪರಸ್ಪರ ವಿರೋಧಿಗಳಲ್ಲ: ಮೊದಲನೆಯದು ಸಂಸ್ಥೆಯ ಆರಂಭಕ್ಕೆ, ಎರಡನೆಯದು ಸ್ಥಳೀಯ ತಯಾರಿಕೆಯ ಆರಂಭಕ್ಕೆ ಸಂಬಂಧಿಸಿದವು. ಆದ್ದರಿಂದ ವಾದ್ಯದ ಮೇಲೆ ಸಂಸ್ಥೆಯ ಆರಂಭದ ವರ್ಷ ಕಂಡರೆ ಅದನ್ನು ತಯಾರಾದ ವರ್ಷವೆಂದು ಎಣಿಸಬಾರದು. ಮದುವೆ ಬ್ಯಾಂಡ್‌ಗಳ ಸಾಮಾಜಿಕ ಇತಿಹಾಸಕ್ಕೆ ಗ್ರೆಗರಿ ಬೂತ್ ಅವರ ‘ಬ್ರಾಸ್ ಬಾಜಾ’ (2005) ಇಂದಿಗೂ ಪ್ರಮುಖ ಅಧ್ಯಯನ.

4. ಕಲಬುರಗಿಯ ತಾಪಮಾನ ಮತ್ತು ಸ್ಲೈಡಿನ ಎಳೆತ

4.1 ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹಗಲಿನ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬ್ಯಾಂಡ್‌ಗಳಿಗೆ ಕೆಲಸ ಹೆಚ್ಚಿರುವ ಕಾಲವೂ ಹೆಚ್ಚುಕಡಿಮೆ ಅದೇ. ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆಯ ಕೆಲವೇ ದಿನಗಳ ನಂತರ ಬರುತ್ತದೆ. ಅಂಬೇಡ್ಕರ್ ಜಯಂತಿ ಏಪ್ರಿಲ್ 14. ಬಸವ ಜಯಂತಿ ಏಪ್ರಿಲ್ ಅಥವಾ ಮೇ. ಮದುವೆಯ ಮುಹೂರ್ತಗಳು ಈ ತಿಂಗಳುಗಳಲ್ಲಿ ಒತ್ತಾಗಿ ಬೀಳುತ್ತವೆ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಮಧ್ಯಾಹ್ನದ ಮೆರವಣಿಗೆ ಇದ್ದು, ಬ್ಯಾಂಡಿನವರು ವಾದ್ಯಗಳನ್ನು ತೆರೆದ ಟೆಂಪೊದಲ್ಲಿ ಹಾಕಿಕೊಂಡು ಕಲಬುರಗಿಯಿಂದ ಹೊರಟರೆ, ಇಳಿಯುವ ಹೊತ್ತಿಗೆ ಹಿತ್ತಾಳೆಯನ್ನು ಕೈಯಲ್ಲಿ ಹಿಡಿಯುವುದೇ ಕಷ್ಟ.

4.2 ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 42 ಡಿಗ್ರಿಯಲ್ಲಿ ಸುಮಾರು 356 ಮೀಟರ್. ಕೊಳವೆಯೊಳಗಿನ ಗಾಳಿ ಪೂರ್ತಿಯಾಗಿ ಹೊರಗಿನ ತಾಪಮಾನಕ್ಕೆ ಬಂದರೆ ಶ್ರುತಿ ಸುಮಾರು 63 ಸೆಂಟ್ ಏರುತ್ತದೆ. ಅಂದರೆ ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು.

4.3 ಹಿತ್ತಾಳೆ ಬಿಸಿಗೆ ಹಿಗ್ಗುವುದರಿಂದ ಶ್ರುತಿ ಏರುತ್ತದೆ ಎಂಬ ವಿವರಣೆ ಬಾಯಿಮಾತಿನಲ್ಲಿ ಇದೆ. ಇದು ನಿಲ್ಲುವುದಿಲ್ಲ. ಕೊಳವೆ ಹಿಗ್ಗಿದರೆ ಉದ್ದವಾಗುತ್ತದೆ, ಉದ್ದವಾದರೆ ಶ್ರುತಿ ಇಳಿಯಬೇಕು. 22 ಡಿಗ್ರಿ ಏರಿಕೆಗೆ ಹಿತ್ತಾಳೆಯ ಹಿಗ್ಗುವಿಕೆಯಿಂದ ಆಗುವ ಇಳಿಕೆ ಒಂದು ಸೆಂಟಿಗಿಂತಲೂ ಕಡಿಮೆ. ಕಾರಣ ಲೋಹವಲ್ಲ, ಗಾಳಿ.

4.4 63 ಸೆಂಟ್ ಎಂಬುದು ಮೇಲಿನ ಮಿತಿ. ತಂಪಾದ ಕೋಣೆಯಲ್ಲಿ ಊದುವಾಗ ಉಸಿರು ಹೊರಗಿನ ಗಾಳಿಗಿಂತ ಬೆಚ್ಚಗಿರುವುದರಿಂದ ಲೀಡ್‌ಪೈಪ್ ಬೆಚ್ಚಗಾಗಿ, ಬೆಲ್ ತಂಪಾಗಿರುತ್ತದೆ. ಕಲಬುರಗಿಯ ಮೇ ಮಧ್ಯಾಹ್ನ ಈ ಕ್ರಮ ತಲೆಕೆಳಗಾಗುತ್ತದೆ: ಉಸಿರು ಹೊರಗಿನ ಗಾಳಿಗಿಂತ ತಂಪು. ಊದುತ್ತಾ ಹೋದಂತೆ ಲೀಡ್‌ಪೈಪ್ ಸ್ವಲ್ಪ ತಣಿಯುತ್ತದೆ, ಬಿಸಿಲಿನಲ್ಲಿರುವ ಬೆಲ್ ತಣಿಯುವುದಿಲ್ಲ. ಉಷ್ಣ ಪ್ರದೇಶದ ಬ್ಯಾಂಡ್‌ಗಳ ಕುರಿತ ಚರ್ಚೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ ಎಂದು ತೋರುತ್ತದೆ. ಕೊಳವೆಯೊಳಗಿನ ಸರಾಸರಿಯನ್ನು ತಂಪು ಕೋಣೆಯಲ್ಲಿ 26 ಡಿಗ್ರಿ, ಬಿಸಿಲಿನ ಮೆರವಣಿಗೆಯಲ್ಲಿ 40 ಡಿಗ್ರಿ ಎಂದು ಹಿಡಿದರೆ ಏರಿಕೆ ಸುಮಾರು 40 ಸೆಂಟ್. ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಶಬ್ದದ ವೇಗವನ್ನು ವಿರುದ್ಧ ದಿಕ್ಕುಗಳಲ್ಲಿ ತಿದ್ದುತ್ತವೆ. ಅವನ್ನು ಇಲ್ಲಿ ಬಿಟ್ಟಿದೆ.

4.5 ಸ್ಲೈಡನ್ನು 1 ಸೆಂ.ಮೀ. ಎಳೆದರೆ ಎರಡು ಕಾಲುಗಳಿಂದ ಸೇರಿ 2 ಸೆಂ.ಮೀ. ಕೊಳವೆ ಹೆಚ್ಚುತ್ತದೆ, ಶ್ರುತಿ ಸುಮಾರು 23 ಸೆಂಟ್ ಇಳಿಯುತ್ತದೆ. 40 ಸೆಂಟ್ ಇಳಿಸಲು 1.7 ಸೆಂ.ಮೀ., 63 ಸೆಂಟ್ ಇಳಿಸಲು 2.7 ಸೆಂ.ಮೀ. ಎಳೆಯಬೇಕು. ಇದು ಸಾಮಾನ್ಯ ಎಳೆತದ ಮೇಲೆ ಹೆಚ್ಚುವರಿ. ಕೋಣೆಯ ತಾಪಮಾನದಲ್ಲೇ ಬಹುಪಾಲು ಟ್ರಂಪೆಟ್‌ಗಳ ಸ್ಲೈಡನ್ನು ಸುಮಾರು 1 ಸೆಂ.ಮೀ. ಹೊರಗಿಟ್ಟು ನುಡಿಸುವುದು ರೂಢಿ. ಈ ರೂಢಿಯ ಎಳೆತವನ್ನು 1.2 ಸೆಂ.ಮೀ. ಎಂದು ಹಿಡಿದರೆ, ಬಿಸಿಲಿನಲ್ಲಿ ಒಟ್ಟು ಎಳೆತ 2.9 ಸೆಂ.ಮೀ. ಆಗುತ್ತದೆ.

4.6 ಬ್ಯಾಂಡಿನಲ್ಲಿ ಎಲ್ಲವೂ ಊದುವ ವಾದ್ಯಗಳೇ ಆಗಿದ್ದರೆ ಇಷ್ಟು ಎಳೆಯುವ ಅಗತ್ಯ ಬಾರದು. ಟ್ರಂಪೆಟ್, ಕ್ಲಾರಿನೆಟ್, ಯೂಫೋನಿಯಂಗಳ ಶ್ರುತಿ ಬಿಸಿಗೆ ಹೆಚ್ಚುಕಡಿಮೆ ಜೊತೆಯಾಗಿಯೇ ಏರುತ್ತದೆ. ಪೂರ್ತಿ ಒಂದೇ ಪ್ರಮಾಣದಲ್ಲಿ ಅಲ್ಲದಿದ್ದರೂ ಕಿವಿ ಒಪ್ಪುವಷ್ಟು. ಹಲಗೆ, ಸೈಡ್ ಡ್ರಮ್‌ಗಳಿಗೆ ಈ ಪ್ರಶ್ನೆಯೇ ಇಲ್ಲ. ಪರಿಸ್ಥಿತಿ ಬದಲಾದದ್ದು ಕೀಬೋರ್ಡು ಮೆರವಣಿಗೆಯ ಗಾಡಿ ಹತ್ತಿದ ಮೇಲೆ. ಊರಿನ ಮಾತಿನಲ್ಲಿ ಯಾವ ಕಂಪನಿಯದಾದರೂ ‘ಕ್ಯಾಸಿಯೊ’. ಎಲೆಕ್ಟ್ರಾನಿಕ್ ಕೀಬೋರ್ಡಿನ ಶ್ರುತಿ (ಎ ಸ್ವರ) 440 ಹರ್ಟ್ಸಿಗೆ ಕಟ್ಟಿಟ್ಟದ್ದು, ಬಿಸಿಲಿಗೆ ಜಗ್ಗುವುದಿಲ್ಲ. ಒಂದಾದರೂ ವಾದ್ಯ ಸ್ಥಿರವಾಗಿ ನಿಂತರೆ ಉಳಿದವು ಅದರ ಬಳಿ ಬರಲೇಬೇಕು. ಟ್ರಂಪೆಟ್‌ಗೆ ಇರುವ ದಾರಿ ಸ್ಲೈಡು ಒಂದೇ. ಕೀಬೋರ್ಡಿನಲ್ಲಿ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸುವ ಸೌಲಭ್ಯ ಇದ್ದರೆ ಅದನ್ನು ಬಳಸುವುದು ಸರಳ ಪರಿಹಾರ. ಗಾಯಕರ ಜೊತೆ ಮೊದಲೇ ಧ್ವನಿಮುದ್ರಿಸಿದ ಹಿನ್ನೆಲೆ ಓಡುತ್ತಿದ್ದರೆ ಅದೂ ಆಗದು.

5. ಅಂತರದಿಂದ ಆಗುವ ಶ್ರುತಿಭೇದ

ಹೊರಕೊಳವೆಯ ಒಳವ್ಯಾಸ ಒಳಕೊಳವೆಯ ಹೊರವ್ಯಾಸಕ್ಕೆ ಬಹುತೇಕ ಸಮ. ಕೊಳವೆಯ ದಪ್ಪ ಅರ್ಧ ಮಿ.ಮೀ.ಗೆ ತುಸು ಕಡಿಮೆ ಎಂದು ಹಿಡಿದರೆ, 11.66 ಮಿ.ಮೀ. ವ್ಯಾಸ ಅಂತರದಲ್ಲಿ ಸುಮಾರು 12.6 ಮಿ.ಮೀ. ಆಗುತ್ತದೆ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇಕಡ 17ರಷ್ಟು ಹೆಚ್ಚುತ್ತದೆ.

ಗಾಳಿಕಂಬದಲ್ಲಿ ಒಂದು ಕಡೆ ಕೊಳವೆ ಅಗಲವಾದರೆ ಏನಾಗುತ್ತದೆ ಎಂಬುದಕ್ಕೆ ಭೌತವಿಜ್ಞಾನಿ ರೇಲಿ ಅವರಿಂದ ಬಂದ, ಆರ್ಥರ್ ಬೆನೇಡ್ ಅವರು 1976ರ ಗ್ರಂಥದಲ್ಲಿ ವಾದ್ಯಗಳಿಗೆ ವಿಸ್ತಾರವಾಗಿ ಅನ್ವಯಿಸಿದ ನಿಯಮವಿದೆ. ಅಗಲವಾದ ಜಾಗ ಒತ್ತಡದ ಏರಿಳಿತ ಹೆಚ್ಚಿರುವಲ್ಲಿ ಬಿದ್ದರೆ ಆ ಸ್ವರ ಇಳಿಯುತ್ತದೆ. ಗಾಳಿಯ ಓಲಾಟ ಹೆಚ್ಚಿರುವಲ್ಲಿ ಬಿದ್ದರೆ ಏರುತ್ತದೆ. ಪ್ರತಿ ಸ್ವರಕ್ಕೂ ಈ ಬಿಂದುಗಳು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದೇ ಅಂತರ ಒಂದು ಸ್ವರವನ್ನು ಏರಿಸಿ ಇನ್ನೊಂದನ್ನು ಇಳಿಸಬಲ್ಲದು.

ಸಮವ್ಯಾಸದ ಕೊಳವೆ ಎಂಬ ಸರಳೀಕರಣದಲ್ಲಿ ಈ ತಿದ್ದುಪಡಿಯ ಗರಿಷ್ಠ ಪ್ರಮಾಣ, ಶೇಕಡ 17 ಗುಣಿಸು ಅಂತರದ ಉದ್ದ ಭಾಗಿಸು ಒಟ್ಟು ಉದ್ದ. 1.2 ಸೆಂ.ಮೀ. ಎಳೆತಕ್ಕೆ ಅದು ಸುಮಾರು 2.4 ಸೆಂಟ್, 2.9 ಸೆಂ.ಮೀ.ಗೆ 5.8 ಸೆಂಟ್. ಕೋಣೆಯಲ್ಲಿ ಕಿವಿಗೆ ಸಿಕ್ಕೂ ಸಿಗದ ಪ್ರಮಾಣ ಬಿಸಿಲಿನಲ್ಲಿ ಎರಡೂವರೆ ಪಟ್ಟಿನ ಹತ್ತಿರ ಬರುತ್ತದೆ. ಟ್ರಂಪೆಟ್ ಸಮವ್ಯಾಸದ ಕೊಳವೆಯಲ್ಲವಾದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅನುಪಾತ ಮಾತ್ರ ಹೆಚ್ಚು ನಂಬಲರ್ಹ.

ಹಿಮ್ಮುಖ ರಚನೆ ಇದೇ ಅಂತರವನ್ನು ಕೊಳವೆಯ ಉದ್ದಕ್ಕೂ 6 ಸೆಂ.ಮೀ. ಮುಂದಕ್ಕೆ ಒಯ್ಯುತ್ತದೆ ಎಂದುಕೊಳ್ಳೋಣ. ವಾಲ್ವ್ ಒತ್ತದೆ ಬರುವ ಕೆಳಗಿನ ಬಿ ಫ್ಲಾಟ್ (ಸುಮಾರು 233 ಹರ್ಟ್ಸ್, ಎರಡನೇ ಅನುರಣನೆ) ಸ್ವರದಲ್ಲಿ ಒತ್ತಡದ ಬಿಂದುವಿನಿಂದ ಓಲಾಟದ ಬಿಂದುವಿಗೆ ಇರುವ ದೂರ ಸುಮಾರು 37 ಸೆಂ.ಮೀ. ಅಲ್ಲಿ 6 ಸೆಂ.ಮೀ. ಎಂದರೆ ಆರನೇ ಒಂದು ಭಾಗ. ಎರಡು ರಚನೆಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ 3 ಸೆಂಟ್. ಎರಡು ಸ್ಥಾಯಿ ಮೇಲಿನ ಬಿ ಫ್ಲಾಟ್‌ನಲ್ಲಿ (ಸುಮಾರು 932 ಹರ್ಟ್ಸ್, ಎಂಟನೇ ಅನುರಣನೆ) ಆ ದೂರ 9 ಸೆಂ.ಮೀ.ಗಿಂತ ತುಸುವೇ ಹೆಚ್ಚು. ಅಲ್ಲಿ 6 ಸೆಂ.ಮೀ. ಸರಿದರೆ ಮೂರನೇ ಎರಡು ಭಾಗ ದಾಟಿದಂತೆ: ಸ್ವರವನ್ನು ಇಳಿಸುತ್ತಿದ್ದ ಅಂತರ ಏರಿಸುವ ಅಂತರವಾಗಿಬಿಡಬಹುದು. 2.9 ಸೆಂ.ಮೀ. ಎಳೆತದಲ್ಲಿ ಎರಡು ರಚನೆಗಳ ನಡುವಿನ ವ್ಯತ್ಯಾಸದ ಮೇಲಿನ ಮಿತಿ ಇಲ್ಲಿ 10 ಸೆಂಟಿನ ಹತ್ತಿರ ಬರುತ್ತದೆ. 1.2 ಸೆಂ.ಮೀ. ಎಳೆತದಲ್ಲಿ ಅದು 4 ಸೆಂಟ್ ಮಾತ್ರ.

ಇದರಿಂದ ಎರಡು ಸಂಗತಿಗಳನ್ನು ಎಚ್ಚರಿಕೆಯಿಂದ ಹೇಳಬಹುದು. ಲೀಡ್‌ಪೈಪ್ ಹಿಮ್ಮುಖವಾಗಿರುವುದರ ಪರಿಣಾಮ ಮುಖ್ಯವಾಗಿ ಮೇಲಿನ ಸ್ಥಾಯಿಯ ಬಾಬತ್ತು. ಮತ್ತು ಎರಡು ರಚನೆಗಳ ವ್ಯತ್ಯಾಸ ವಾದ್ಯದ ಸ್ಥಿರ ಗುಣವಲ್ಲ. ಸ್ಲೈಡನ್ನು ಎಷ್ಟು ಎಳೆದಿದೆ ಎಂಬುದರ ಮೇಲೆ ನಿಂತದ್ದು. ತಂಪು ದೇಶದಲ್ಲಿ ಎರಡೂ ಒಂದೇ ಎಂದು ಹೇಳುವವರು, ಬಿಸಿಲಿನ ಊರಿನಲ್ಲಿ ಬೇರೆ ಎಂದು ಹೇಳುವವರು ಇಬ್ಬರೂ ಸರಿಯಿರುವ ಸಾಧ್ಯತೆ ಇದೆ.

6. ವಾಲ್ವ್ ಸ್ಲೈಡುಗಳು: ಬೇರೆ ಮಾಡಿ ನೋಡಬೇಕಾದ ಕಾರಣ

ಲೀಡ್‌ಪೈಪಿನ ಲೆಕ್ಕಕ್ಕೆ ಬೀಳುವ ಅಪಶ್ರುತಿಯಲ್ಲಿ ಒಂದು ಪಾಲು ಬಹುಶಃ ಅದಕ್ಕೆ ಸೇರಿದ್ದಲ್ಲ. ಮುಖ್ಯ ಸ್ಲೈಡನ್ನು ಎಳೆದು ಇಡೀ ಕೊಳವೆಯನ್ನು ಶೇಕಡ 2.3ರಷ್ಟು ಉದ್ದ ಮಾಡಿದಾಗ, ಪ್ರತಿ ವಾಲ್ವಿನ ಕೊಳವೆಯೂ ಅದೇ ಪ್ರಮಾಣದಲ್ಲಿ ಉದ್ದವಾಗಬೇಕು. ಮೊದಲ ವಾಲ್ವಿನ ಕೊಳವೆ ಸುಮಾರು 18 ಸೆಂ.ಮೀ.; ಅದರ ಸ್ಲೈಡನ್ನು 2 ಮಿ.ಮೀ. ಎಳೆಯಬೇಕು. ಮೂರನೆಯದು ಸುಮಾರು 28 ಸೆಂ.ಮೀ.; 3 ಮಿ.ಮೀ.ಗಿಂತ ತುಸು ಹೆಚ್ಚು. ಮೆರವಣಿಗೆಯಲ್ಲಿ ಇದನ್ನು ಮಾಡುವುದು ಅಪರೂಪ.

ಮಾಡದಿದ್ದರೆ ಮೊದಲ ವಾಲ್ವಿನ ಸ್ವರಗಳು 4 ಸೆಂಟಿಗಿಂತ ಸ್ವಲ್ಪ ಹೆಚ್ಚು ಏರುತ್ತವೆ. ಒಂದು ಮತ್ತು ಮೂರನ್ನು ಒಟ್ಟಿಗೆ ಒತ್ತಿದಾಗ ಬರುವ ಸ್ವರಗಳು 9–10 ಸೆಂಟ್ ಏರುತ್ತವೆ. ಈ ಜೋಡಿ ಮೊದಲೇ ಏರಿದ್ದು. ಮೂರನೇ ಸ್ಲೈಡಿಗೆ ಬೆರಳುಂಗುರ ಇಟ್ಟಿರುವುದೇ ಅದನ್ನು ತಿದ್ದಲು. ಬಿಸಿಲಿನ 9–10 ಸೆಂಟ್ ಅದರ ಮೇಲೆ ಸೇರುತ್ತದೆ. ಇದೇ ಕೆಳಸ್ಥಾಯಿಯಲ್ಲಿ ಲೀಡ್‌ಪೈಪ್ ರಚನೆಯ ವ್ಯತ್ಯಾಸ 3 ಸೆಂಟ್ ಮೀರುವುದಿಲ್ಲ ಎಂದು ಮೇಲೆ ಕಂಡಿದೆ.

ಅಂದರೆ ಕಲಬುರಗಿಯ ಬೇಸಿಗೆಯಲ್ಲಿ ವಾಲ್ವ್ ಒತ್ತಿ ನುಡಿಸುವ ಕೆಳಗಿನ ಸ್ವರಗಳ ಶುದ್ಧಿಗೆ ಹಿಮ್ಮುಖ ಲೀಡ್‌ಪೈಪಿನ ಹೊಸ ವಾದ್ಯಕ್ಕಿಂತ, ಇರುವ ವಾದ್ಯದ ಮೊದಲ ಮತ್ತು ಮೂರನೇ ಸ್ಲೈಡುಗಳನ್ನು ಎರಡು ಮೂರು ಮಿ.ಮೀ. ಎಳೆಯುವುದು ಹೆಚ್ಚು ಫಲ ಕೊಡಬೇಕು. ಹೊಸ ವಾದ್ಯಕ್ಕೆ ಸಾವಿರಾರು ರೂಪಾಯಿ ಹೊಂದಿಸುವ ಮುನ್ನ ಈ ಖರ್ಚಿಲ್ಲದ ಪರೀಕ್ಷೆ ನಡೆಯಬೇಕೆಂಬುದು ಈ ಟಿಪ್ಪಣಿಯ ದೃಢವಾದ ಅಭಿಪ್ರಾಯ. ಒಣಗಿದ ಗ್ರೀಸು ಮತ್ತು ಧೂಳಿನಿಂದ ವಾಲ್ವ್ ಸ್ಲೈಡುಗಳು ಸಿಕ್ಕಿಕೊಂಡಿದ್ದರೆ ಮೊದಲು ಅವನ್ನು ಬಿಡಿಸಬೇಕು.

7. ಊದುವವರು ಹೇಳುವುದು

ಹಿಮ್ಮುಖ ರಚನೆಯ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಮಾತುಗಳು ಮೂರು. ಉಸಿರಿಗೆ ತಡೆ ಕಡಿಮೆ. ಸ್ವರ ಬೇಗ ಏಳುತ್ತದೆ. ಆದರೆ ಸ್ವರ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ತುಟಿಯಿಂದ ಅತ್ತಿತ್ತ ಬಾಗುತ್ತದೆ. ಕೊನೆಯದನ್ನು ಕೆಲವರು ಗುಣ ಎನ್ನುತ್ತಾರೆ, ಕೆಲವರು ದೋಷ. ಚಿತ್ರಗೀತೆಗಳ ಜಾರುಸ್ವರ ನುಡಿಸುವ ಬ್ಯಾಂಡಿಗೆ ಬಾಗುವ ಸ್ವರ ಅನುಕೂಲವೇ ಆದೀತು. ಇಪ್ಪತ್ತು ಜನ ಒಟ್ಟಿಗೆ ಒಂದೇ ಸ್ವರ ಹಿಡಿಯುವಾಗ ಅಲ್ಲ.

ಈ ಮೂರರಲ್ಲಿ ‘ತಡೆ ಕಡಿಮೆ’ ಎಂಬುದನ್ನು ಅಕ್ಷರಶಃ ಒಪ್ಪುವುದು ಕಷ್ಟ. ಉಸಿರಿನ ಹರಿವಿಗೆ ಅತಿ ಕಿರಿದಾದ ಜಾಗ ಮೌತ್‌ಪೀಸಿನ ಗಂಟಲು. ಅದರ ನಂತರ ಲೀಡ್‌ಪೈಪಿನ ಆರಂಭ, ಸಾಮಾನ್ಯವಾಗಿ 9 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಲೀಡ್‌ಪೈಪಿನ ಇನ್ನೊಂದು ತುದಿಯಲ್ಲಿ ಅರ್ಧ ಮಿ.ಮೀ. ಮೆಟ್ಟಿಲು ಇರಲಿ ಬಿಡಲಿ, ಹರಿವಿಗೆ ಆಗುವ ವ್ಯತ್ಯಾಸ ನಗಣ್ಯ. ಊದುವವರು ತಡೆ ಎಂದು ಅನುಭವಿಸುವುದು ಹರಿವಿನ ತಡೆಯನ್ನಲ್ಲ, ತುಟಿಯ ಕಡೆಗೆ ಹಿಂದಿರುಗಿ ಬರುವ ಅಲೆಯ ಬಲವನ್ನು ಎನ್ನುವುದು ಹೆಚ್ಚು ಸಂಭವನೀಯ. ಮೇಲಿನ ಅನುರಣನೆಗಳು ಒಂದಕ್ಕೊಂದು ಎಷ್ಟು ಸರಿಯಾಗಿ ಹೊಂದುತ್ತವೆ ಎಂಬುದರ ಮೇಲೆ ಆ ಬಲ ನಿಂತಿದೆ. ಅದನ್ನು ಅಂತರದ ಸ್ಥಳ ಬದಲಿಸಬಲ್ಲದು. ಹಾಗಾಗಿ ಅನುಭವ ನಿಜವಿರಬಹುದು, ವಿವರಣೆ ಬೇರೆ ಇರಬಹುದು.

ಇಲ್ಲಿ ಒಂದು ಎಚ್ಚರ ಅಗತ್ಯ. ಬ್ರಿಟಿಷ್ ಧ್ವನಿತಜ್ಞ ರಿಚರ್ಡ್ ಸ್ಮಿತ್ 1980ರ ದಶಕದಲ್ಲಿ ಬೆಲ್‌ನ ದಪ್ಪ ಮಾತ್ರ ಬೇರೆಯಿದ್ದ ಟ್ರಾಂಬೋನ್‌ಗಳನ್ನು ವೃತ್ತಿಪರ ವಾದಕರಿಗೆ ಕೊಟ್ಟು, ಯಾವುದು ಯಾವುದೆಂದು ತಿಳಿಯದಂತೆ ನುಡಿಸಿದ್ದರು. ವಾದಕರಿಗೆ ಅವುಗಳನ್ನು ವಿಶ್ವಾಸಾರ್ಹವಾಗಿ ಬೇರ್ಪಡಿಸಲಾಗಲಿಲ್ಲ. ಅದು ಬೆಲ್‌ಗೆ ಸಂಬಂಧಿಸಿದ್ದು, ಲೀಡ್‌ಪೈಪಿಗಲ್ಲ. ಅನುರಣನೆಯ ದೃಷ್ಟಿಯಲ್ಲಿ ಒಳಮೈ ಬದಲಾವಣೆ ದಪ್ಪದ ಬದಲಾವಣೆಗಿಂತ ಬಲವಾದ ಕಾರಣ. ಆದರೂ ವಾದ್ಯ ಯಾವುದೆಂದು ತಿಳಿದಿರುವುದೇ ಕಿವಿಯ ತೀರ್ಪನ್ನು ತಿರುಗಿಸಬಹುದು ಎಂಬ ಎಚ್ಚರವನ್ನು ಆ ಪ್ರಯೋಗ ಕೊಡುತ್ತದೆ. ‘ಎಲ್‌ಆರ್’ ಮಾದರಿಯನ್ನು ‘180’ರ ಸಾಮಾನ್ಯ ಮಾದರಿಗೆ ಹೋಲಿಸುವಾಗ ಮೈಯ ತೂಕವೂ ಬೇರೆ ಇರುವುದರಿಂದ, ಬರೇ ಲೀಡ್‌ಪೈಪಿನ ಪರಿಣಾಮವನ್ನು ಆ ಹೋಲಿಕೆ ತೋರಿಸಲಾರದು.

8. ಹೈ ಪಿಚ್ ವಾದ್ಯಗಳ ಕುರಿತು ಒಂದು ಉಪಟಿಪ್ಪಣಿ

ಬ್ರಿಟಿಷ್ ಸೇನಾ ಬ್ಯಾಂಡ್‌ಗಳು 1920ರ ದಶಕದ ಕೊನೆಯವರೆಗೆ ಸುಮಾರು 452.4 ಹರ್ಟ್ಸಿನ ಏರು ಶ್ರುತಿಯನ್ನು (ಹೈ ಪಿಚ್) ಬಳಸುತ್ತಿದ್ದವು. ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿ 1896ರಲ್ಲೇ 439ಕ್ಕೆ ಇಳಿದಿತ್ತು. 440 ಎಂಬ ಒಪ್ಪಂದ ಲಂಡನ್ನಿನ ಅಂತಾರಾಷ್ಟ್ರೀಯ ಸಭೆಯಲ್ಲಿ ಆದದ್ದು 1939ರಲ್ಲಿ. ಬ್ರಿಟನ್ನಿನ ಹಿತ್ತಾಳೆ ಬ್ಯಾಂಡ್‌ಗಳು ಏರು ಶ್ರುತಿಯನ್ನು 1960ರ ದಶಕದವರೆಗೂ ಬಿಡಲಿಲ್ಲ. ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಊರು. ಸೇನಾ ಬಳಕೆಯಿಂದ ಕೈದಾಟಿ ಬಂದ ಹಳೆಯ ವಾದ್ಯಗಳು ಈ ಪ್ರದೇಶದಲ್ಲಿ ಸಿಕ್ಕರೆ, ಅವು ಏರು ಶ್ರುತಿಯವಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು.

452.4ರಿಂದ 440ಕ್ಕೆ ಇಳಿಯಲು 48 ಸೆಂಟ್, ಅಂದರೆ ಸುಮಾರು 2 ಸೆಂ.ಮೀ. ಎಳೆತ. ಅದರ ಮೇಲೆ ಬೇಸಿಗೆಯ 1.7 ಸೆಂ.ಮೀ. ಮತ್ತು ರೂಢಿಯ ಎಳೆತ ಸೇರಿದರೆ ಸ್ಲೈಡು 5 ಸೆಂ.ಮೀ. ಹತ್ತಿರ ಹೊರಬರುತ್ತದೆ. ಆ ಸ್ಥಿತಿಯಲ್ಲಿ ಸ್ಲೈಡು ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಅಂತರದ ಪರಿಣಾಮವೂ 10 ಸೆಂಟ್ ತಲುಪುತ್ತದೆ. ಅಂಥ ವಾದ್ಯದ ದೋಷಕ್ಕೆ ಲೀಡ್‌ಪೈಪ್ ಬದಲಿಸುವುದು ಪರಿಹಾರವಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕಾನ್ ಮುಂತಾದ ತಯಾರಕರು ಎರಡು ಶ್ರುತಿಗೆ ಎರಡು ಬೇರೆ ಸ್ಲೈಡು ಕೊಡುತ್ತಿದ್ದುದು ಇದೇ ಕಾರಣಕ್ಕೆ.

9. ಸವೆತ

ಲೀಡ್‌ಪೈಪಿನೊಳಗೆ ಎಂಜಲಿನ ತೇವದಿಂದ ಹಿತ್ತಾಳೆಯ ಸತು ಕರಗಿ ಕೆಂಪು ಚುಕ್ಕೆಗಳು ಏಳುತ್ತವೆ. ತಾಮ್ರದ ಅಂಶ ಹೆಚ್ಚಿರುವ ಲೋಹದಲ್ಲಿ ಇದು ನಿಧಾನ. ಹಿಮ್ಮುಖ ರಚನೆಯಲ್ಲಿ ಸ್ಲೈಡು ಹೊರಗಿದ್ದಾಗ ಲೀಡ್‌ಪೈಪಿನ ಹೊರಮೈಯೇ ಧೂಳಿಗೆ ತೆರೆದಿರುತ್ತದೆ. ಗ್ರೀಸಿಗೆ ಅಂಟಿದ ಮರಳು ಸ್ಲೈಡನ್ನು ಒಳಗೆ ತಳ್ಳಿದಾಗ ಉಜ್ಜಿ ಗೀರು ಮಾಡಬಹುದು. ಸಾಮಾನ್ಯ ರಚನೆಯಲ್ಲಿ ಹಾಳಾಗುವುದು ಬದಲಿಸಬಹುದಾದ ಸ್ಲೈಡಿನ ಕಾಲು. ಹಿಮ್ಮುಖದಲ್ಲಿ ಲೀಡ್‌ಪೈಪೇ ಸವೆಯುತ್ತದೆ, ಅದನ್ನು ಬಿಚ್ಚಲು ಬೆಸುಗೆ ತೆಗೆಯಬೇಕು. ಬಯಲಿನಲ್ಲಿ, ಧೂಳಿನಲ್ಲಿ ನುಡಿಸುವ ಬ್ಯಾಂಡಿಗೆ ಇದು ಸಣ್ಣ ವಿಷಯವಲ್ಲ. ಮೆರವಣಿಗೆ ಮುಗಿದ ಕೂಡಲೇ ಹೊರಮೈ ಒರೆಸಿ ಆಮೇಲೆ ಸ್ಲೈಡು ಒಳಗೆ ತಳ್ಳುವುದು ಒಳ್ಳೆಯದು.

10. ಕೋರಿಕೆ

ಮೇಲಿನ ಲೆಕ್ಕಗಳು ನಿಲ್ಲುತ್ತವೆಯೇ ಬೀಳುತ್ತವೆಯೇ ಎಂಬುದನ್ನು ಕಲಬುರಗಿ ಮತ್ತು ಕಮಲಾಪುರದ ಬ್ಯಾಂಡಿನವರೇ ತೀರ್ಮಾನಿಸಬಲ್ಲರು. ಒಂದು ಅಳತೆಪಟ್ಟಿ, ಒಂದು ತಾಪಮಾಪಕ, ಮೊಬೈಲಿನ ಟ್ಯೂನರ್ ಇಷ್ಟಿದ್ದರೆ ಸಾಕು. ನುಡಿಸಲು ಆರಂಭಿಸುವ ಮುನ್ನ ಮತ್ತು ಅರ್ಧ ಗಂಟೆ ನುಡಿಸಿದ ನಂತರ ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ನೆರಳಿನ ತಾಪಮಾನ, ಮುಖ್ಯ ಸ್ಲೈಡು ಎಷ್ಟು ಮಿ.ಮೀ. ಹೊರಗಿದೆ, ಮೊದಲ ಮತ್ತು ಮೂರನೇ ವಾಲ್ವಿನ ಸ್ಲೈಡು ಎಷ್ಟು ಹೊರಗಿವೆ, ವಾಲ್ವ್ ಒತ್ತದೆ ಬರುವ ಮೂರು ಬಿ ಫ್ಲಾಟ್‌ಗಳು ಟ್ಯೂನರಿನಲ್ಲಿ ಎಷ್ಟು ಸೆಂಟ್ ಆಚೀಚೆ ತೋರಿಸುತ್ತವೆ. ವಾದ್ಯ ಸಾಮಾನ್ಯವೋ ಹಿಮ್ಮುಖವೋ ಎಂಬುದನ್ನು 3ನೇ ಭಾಗದಲ್ಲಿ ಹೇಳಿದಂತೆ ಸ್ಲೈಡು ತೆಗೆದು ನೋಡಿ ಅದರ ಜೊತೆಗೇ ದಾಖಲಿಸಬೇಕು. ಡಿಸೆಂಬರ್‌ನ ಒಂದು ಸಂಜೆ ಮತ್ತು ಮೇ ತಿಂಗಳ ಒಂದು ಮಧ್ಯಾಹ್ನ, ಒಂದೇ ವಾದ್ಯ, ಒಬ್ಬರೇ ವಾದಕರು, ಒಂದೇ ಮೌತ್‌ಪೀಸ್ ಇರುವ ದಾಖಲೆ ಇದ್ದರೆ 5ನೇ ಭಾಗದ ಅಂಕಿಗಳನ್ನು ನೇರವಾಗಿ ಪರೀಕ್ಷಿಸಬಹುದು.